ಅಂಗಡಿಯವನ ಬೆರಳು

ಕುಕ್ಕರ್ ಮಾರುವವನು ನಮ್ಮೆದುರು ಬಿಸಿಬೇಳೆಬಾತ್ ಮಾಡಿ ಬಡಿಸುವುದಿಲ್ಲ. ಹಾರ್ಮೋನಿಯಂ ಮಾರುವವನು ಮಾತ್ರ ಮುಚ್ಚಳ ತೆಗೆದು, ಎಡಗೈಯಲ್ಲಿ ತಿದಿ ಒತ್ತಿ, ಬಲಗೈ ಬೆರಳುಗಳನ್ನು ಕರಿ-ಬಿಳಿ ಮನೆಗಳ ಮೇಲೆ ಓಡಿಸಿ, ಯಮನ್ ರಾಗದ ತುಣುಕೊಂದನ್ನು ನುಡಿಸಿಯೇ ಬಿಡುತ್ತಾನೆ. ನಾವು ಮನಸೋಲುವುದು ಆ ಬೆರಳುಗಳಿಗೆ, ದುಡ್ಡು ಕೊಡುವುದು ಪೆಟ್ಟಿಗೆಗೆ. ಬೆರಳನ್ನು ಅವನು ಕಟ್ಟಿ ಕೊಡುವುದಿಲ್ಲ. ಇದರಲ್ಲಿ ಮೋಸವೇನೂ ಇಲ್ಲ. ಪೆಟ್ಟಿಗೆಯೊಳಗೆ ಯಮನ್ ಇದೆ ಎಂದು ಅವನು ಒಮ್ಮೆಯೂ ಬಾಯಿಬಿಟ್ಟು ಹೇಳಿರುವುದಿಲ್ಲ.

ಬೆಂಗಳೂರಿನ ಬಳೇಪೇಟೆಯಲ್ಲಿ ಇಂಥ ಅಂಗಡಿಗಳು ಅಕ್ಕಪಕ್ಕದಲ್ಲೇ ಇವೆ. ಸೂರಿಗೆ ನೇತುಹಾಕಿದ ಗಿಟಾರುಗಳಿಗೆ ತಲೆ ತಾಗದಂತೆ ಬಗ್ಗಿ, ನೆಲದ ಮೇಲಿನ ತಬಲಾಗಳನ್ನು ಎಡವದಂತೆ ಕಾಲೆತ್ತಿ ಒಳಗೆ ಹೋಗಬೇಕು. ಹೋದ ಕೂಡಲೇ "ಯಾರಿಗೆ ಸಾರ್, ಮಗುವಿಗಾ?" ಎಂಬ ಪ್ರಶ್ನೆ. "ನನಗೇ" ಅಂದೆ. ಅಂಗಡಿಯವನಿಗೆ ಎಳ್ಳಷ್ಟೂ ಆಶ್ಚರ್ಯವಾಗಲಿಲ್ಲ. ನನ್ನ ನರೆತ ತಲೆ ನೋಡಿ "ರಿಟೈರ್ ಆಯ್ತಾ?" ಎಂದ. ಪಿಂಚಣಿ ಶುರುವಾದ ಹೊಸತರಲ್ಲಿ ಬರುವವರದೇ ಒಂದು ಜಾತಿಯಂತೆ. ಅವರಿಗೆಂದೇ ಒಂದು ಬೆಂಚು ಹಾಕಿಸಿದ್ದ.

ವೀಣೆ ನೋಡಿದೆ. ಇಲ್ಲೇ ದೊಡ್ಡಬಳ್ಳಾಪುರದ ಬಳಿ ಸಿಂಪಾಡಿಪುರದಲ್ಲಿ ಹಲಸಿನ ಮರದಿಂದ ವೀಣೆ ಮಾಡುತ್ತಾರೆ. ಆಸೆಪಡಲು ಅದೊಂದು ಕಾರಣ ಸಾಕಿತ್ತು. ಆದರೆ ಏಳು ತಂತಿ, ಮೇಣದಲ್ಲಿ ಕೂರಿಸಿದ 24 ಮೆಟ್ಟಿಲು, ನುಡಿಸುವ ಮೊದಲೇ ಶ್ರುತಿ ಮಾಡಬೇಕು. ಶ್ರುತಿ ಮಾಡಲು ಕಿವಿ ಬೇಕು. ಪಿಟೀಲಿಗಂತೂ ಮೆಟ್ಟಿಲುಗಳೇ ಇಲ್ಲ, ಬೆರಳು ಎಲ್ಲಿ ಬೀಳಬೇಕೆಂಬುದು ನಮಗೂ ದೇವರಿಗೂ ಬಿಟ್ಟ ವಿಷಯ. ನಾಲ್ಕು ತಂತಿ ಸಾಲದೆಂದು ಏಳು ಕಟ್ಟಿಕೊಂಡ ಚೌಡಯ್ಯನವರ ನೆನಪಿಗೆ ಈ ಊರು ಪಿಟೀಲಿನ ಆಕಾರದ ಸಭಾಂಗಣವನ್ನೇ ಕಟ್ಟಿದೆ. ಅದರ ಮುಂದೆ ಬಸ್ಸಿನಲ್ಲಿ ಹಾದುಹೋಗುವಷ್ಟು ಸಂಬಂಧ ನನಗೆ ಸಾಕು.

ಹಾರ್ಮೋನಿಯಮ್ಮಿಗೆ ಈ ತಾಪತ್ರಯವಿಲ್ಲ. ಒತ್ತಿದರೆ ಸ್ವರ ಬರುತ್ತದೆ. ಯಾರು ಒತ್ತಿದರೂ ಅದೇ ಸ್ವರ. ಪ್ಯಾರಿಸ್ಸಿನ ಅಲೆಕ್ಸಾಂದ್ರ್ ದೆಬ್ಯಾಂ ಎಂಬಾತ 1840ರ ದಶಕದ ಹೊತ್ತಿಗೆ ಹಕ್ಕು ಪಡೆದ ಈ ವಾದ್ಯವನ್ನು ಅಲ್ಲಿ ಕುರ್ಚಿಯಲ್ಲಿ ಕೂತು ಕಾಲಲ್ಲಿ ತುಳಿದು ನುಡಿಸುತ್ತಿದ್ದರು. ಕಲ್ಕತ್ತಾದ ದ್ವಾರಕಾನಾಥ ಘೋಷರು ಅದನ್ನು ಕೈಯಲ್ಲಿ ಗಾಳಿ ಹಾಕುವ ಪೆಟ್ಟಿಗೆಯಾಗಿಸಿ ನೆಲದ ಮೇಲೆ ತಂದಿಟ್ಟರು. ಚಕ್ಕಳಮಕ್ಕಳ ಹಾಕಿ ಕೂರುವ ದೇಶಕ್ಕೆ ಮಾಡಿದ ದೊಡ್ಡ ಉಪಕಾರ ಅದು. ನಮ್ಮ ನಾಟಕ ಕಂಪನಿಗಳವರು ಮಾತ್ರ ಕಾಲಿನದನ್ನು ಬಿಡಲಿಲ್ಲ. ರಂಗದ ಮುಂದೆ ಕಾಲುಪೇಟಿಯ ಮೇಷ್ಟ್ರು ಎರಡೂ ಕೈ ಬಿಡುವಾಗಿಟ್ಟುಕೊಂಡು ಕೂತರೆ ರಾಜನ ಪ್ರವೇಶಕ್ಕೂ ಖಳನ ಪ್ರವೇಶಕ್ಕೂ ಅವರೇ ಅಧಿಕಾರಿ.

ನನ್ನ ಜೊತೆ ಬಂದಿದ್ದವರು ಧಾರವಾಡದ ಕಡೆಯ ಗೆಳೆಯರು. ಭಜನಾ ಮಂಡಳಿಯಲ್ಲಿ ಪೇಟಿ ನುಡಿಸಿ ಪಳಗಿದವರು. ವಾದ್ಯ ಕೊಳ್ಳುವಾಗ ತಿಳಿದವರೊಬ್ಬರನ್ನು ಕರೆದೊಯ್ಯಬೇಕೆಂಬುದು ಹೆಣ್ಣು ನೋಡಲು ಹೋಗುವಷ್ಟೇ ಹಳೆಯ ಸಂಪ್ರದಾಯ. ನಾನು ಮಿರಿಮಿರಿ ಹೊಳೆಯುವ ಕೆಂಪು ಪೆಟ್ಟಿಗೆಯೊಂದರ ಮೇಲೆ ಕೈಯಿಟ್ಟಿದ್ದೆ. "ಬಣ್ಣಾ ನೋಡಿ ಪೇಟಿ ತಗೋಬ್ಯಾಡ್ರಿ. ಮದ್ಲ ಗಾಳಿ ಹಿಡೀತದೋ ಇಲ್ಲೋ ನೋಡೂಣು" ಎಂದು ಅವರು ಅದನ್ನು ಎಳೆದುಕೊಂಡರು.

ಗಾಳಿ ತುಂಬಿ, ಯಾವ ಮನೆಯನ್ನೂ ಒತ್ತದೆ ಕಿವಿಗೊಟ್ಟರು. ಸುಮ್ಮನಿರಬೇಕಾದ ಪೆಟ್ಟಿಗೆ ತಾನಾಗಿ ಸಣ್ಣಗೆ ಗುಂಯ್ ಎಂದಿತು. ಅದು ಅಲ್ಲಿಗೇ ಮುಗಿಯಿತು. ಎರಡನೆಯದು ಬಂತು. ಮೂರೂವರೆ ಸಪ್ತಕ, 42 ಮನೆ. ಒಂದೊಂದನ್ನೂ ಒತ್ತಿ, ತಿದಿಯನ್ನು ತೀರಾ ಮೆಲ್ಲಗೆ ಆಡಿಸಿದರು. ಜೋರಾಗಿ ಗಾಳಿ ಹಾಕಿದರೆ ಎಂಥ ಸೋಮಾರಿ ರೀಡೂ ನುಡಿಯುತ್ತದೆ, ಮೆಲ್ಲಗೆ ಹಾಕಿದಾಗ ತಡವಾಗಿ ಏಳುವುದೇ ಕಳ್ಳ ಎಂಬುದು ಅವರ ಸಿದ್ಧಾಂತ. ಆಮೇಲೆ ಕೆಳಗಿನ ಷಡ್ಜವನ್ನೂ ಮೇಲಿನ ಷಡ್ಜವನ್ನೂ ಒಟ್ಟಿಗೆ ಹಿಡಿದರು. ಎರಡೂ ಒಂದರಲ್ಲೊಂದು ಕರಗಬೇಕು, ಅಲೆಅಲೆಯಾಗಿ ನಡುಗಿದರೆ ಶ್ರುತಿ ತಪ್ಪಿದೆ ಎಂದರ್ಥ. ನನಗೆ ಎಲ್ಲವೂ ಕರಗಿದಂತೆಯೇ ಕೇಳಿಸಿತು. ಅವರು ಒಂದು ಗಾಂಧಾರದ ಹತ್ತಿರ ಮುಖ ಹುಳ್ಳಗೆ ಮಾಡಿದರು.

ಅಂಗಡಿಯವನು ಸಿಟ್ಟಾಗಲಿಲ್ಲ, ಖುಷಿಯಾದ. ಹಲಗೆ ಬಿಚ್ಚಿ ಒಳಗಿನ ಹಿತ್ತಾಳೆ ರೀಡುಗಳನ್ನು ತೋರಿಸಿದ. ಗುಜರಾತಿನ ಪಾಲಿತಾಣದ ಮಾಲು. ಜೈನರಿಗೆ ಪಾಲಿತಾಣವೆಂದರೆ ಶತ್ರುಂಜಯ ಬೆಟ್ಟದ ಬಸದಿಗಳು, ಪೇಟಿಯವರಿಗೆ ರೀಡು. ಸ್ವರ ಏರಿಸಬೇಕಾದರೆ ನಾಲಗೆಯ ತುದಿಯನ್ನು ತುಸು ಕೆರೆಯಬೇಕು, ಇಳಿಸಬೇಕಾದರೆ ಬುಡವನ್ನು. ಅವನು ಅಲ್ಲೇ ಕೂತು ಗಾಂಧಾರದ ತುದಿ ಕೆರೆದ. "ಇದು ಬಾಸ್-ಮೇಲ್, ಸಾರ್" ಎಂದ ನನ್ನ ಕಡೆ ತಿರುಗಿ. ಎರಡು ಸಾಲು ರೀಡು, ಒಂದು ಮಂದ್ರ, ಇನ್ನೊಂದು ಗಂಡು. ಹೆಣ್ಣೆಲ್ಲಿ ಎಂದು ಕೇಳಿದೆ. "ಮೂರು ಸಾಲಿಂದು ತಗೊಂಡ್ರೆ ಫೀಮೇಲೂ ಬರತ್ತೆ. ರೇಟು ಜಾಸ್ತಿ, ಭಾರಾನೂ ಜಾಸ್ತಿ."

"ನಿಮ್ಮ ಸ್ಕೇಲು?" ಎಂಬುದು ಮುಂದಿನ ಪ್ರಶ್ನೆ. ರಕ್ತದ ಗುಂಪು ಕೇಳಿದ್ದರೆ ಹೇಳುತ್ತಿದ್ದೆ. "ಇವರದು ಕರೇ ಒಂದು" ಎಂದು ಗೆಳೆಯರೇ ಘೋಷಿಸಿದರು, ನಾನು ಹಾಡಿದ್ದನ್ನು ಅವರು ಎಂದೂ ಕೇಳಿರಲಿಲ್ಲ. ಮನೆಗಳ ಸಾಲನ್ನೇ ಅತ್ತಿತ್ತ ಸರಿಸುವ ಸ್ಕೇಲ್ ಚೇಂಜರ್ ಕೂಡ ಇತ್ತು. ಹಾಡುವವರ ಶ್ರುತಿ ಯಾವುದಾದರೂ ಬೆರಳು ತನ್ನ ಹಳೆಯ ದಾರಿಯಲ್ಲೇ ನಡೆಯಬಹುದು. ಬೇರೆ ದಾರಿ ಕಲಿಯದ ನನಗೆ ಅದೇ ಸರಿ ಅನ್ನಿಸಿತ್ತು. ಬೆಲೆ ಕೇಳಿ ಬೇಡ ಅನ್ನಿಸಿತು.

ಈ ವಾದ್ಯವನ್ನು ಬೈದವರು ಸಣ್ಣವರಲ್ಲ. ರವೀಂದ್ರನಾಥ ಠಾಕೂರರಿಗೆ ಇದು ಆಗುತ್ತಿರಲಿಲ್ಲ. ಆಲ್ ಇಂಡಿಯಾ ರೇಡಿಯೋ 1940ರಲ್ಲಿ ಇದನ್ನು ಹೊರಗಟ್ಟಿತು. 1971ರಲ್ಲಿ ಬಾಗಿಲು ಸ್ವಲ್ಪ ತೆರೆಯಿತು. ಆರೋಪ ಏನೆಂದರೆ, ಇದರ ಸ್ವರಗಳು ಕಲ್ಲಿನಂತೆ ಕೂತಿವೆ, ಒಂದರಿಂದ ಇನ್ನೊಂದಕ್ಕೆ ಜಾರಲಾರವು, ಮೀಂಡ್ ಇಲ್ಲ, ಗಮಕ ಇಲ್ಲ, ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿದ್ದರಿಂದ ನಮ್ಮ ಸೂಕ್ಷ್ಮ ಶ್ರುತಿಗಳು ಸಿಗುವುದಿಲ್ಲ. ಸಂಗೀತದ ದೃಷ್ಟಿಯಿಂದ ಇದೆಲ್ಲ ನಿಜ. ಗಿರಾಕಿಯ ದೃಷ್ಟಿಯಿಂದ ನೋಡಿದರೆ ಇದಕ್ಕಿಂತ ಒಳ್ಳೆಯ ಜಾಹೀರಾತು ಬೇಕಿಲ್ಲ. ಎರಡು ಸ್ವರಗಳ ನಡುವೆ ಜಾಗವೇ ಇಲ್ಲದ ಮೇಲೆ ಅಲ್ಲಿ ಜಾರಿ ಬೀಳುವ ಭಯವೂ ಇಲ್ಲವಲ್ಲ! ರೇಡಿಯೋ ಬೇಡವೆಂದ ಆ ಮೂವತ್ತು ವರ್ಷ ಇದು ಭಜನೆಯ ಮನೆಗಳಲ್ಲಿ, ನಾಟಕದ ಡೇರೆಗಳಲ್ಲಿ ಆರಾಮಾಗಿತ್ತು. ಬೆಳಗಾವಿಯ ರಾಮಭಾವು ಬಿಜಾಪುರೆಯವರಂಥವರ ಕೈಯಲ್ಲಿ, ಜಾರಲಾರದು ಎಂದವರ ಮಾತನ್ನೇ ಅನುಮಾನಿಸುವಂತೆ ನುಡಿಯಿತು.

ಚೌಕಾಸಿಯ ಹೊತ್ತಿಗೆ ಗೆಳೆಯರು ಸುಮ್ಮನೆ ಕೂರಲಾರದೆ, ಶ್ರುತಿ ಸರಿಯಾದ ಪೆಟ್ಟಿಗೆಯ ಮೇಲೆ ನಾಟ್ಯಗೀತೆಯೊಂದನ್ನು ಎತ್ತಿಕೊಂಡರು. ಗಿಟಾರಿನ ತಂತಿಗೆಂದು ಬಂದಿದ್ದ ಹುಡುಗ ಇಯರ್‌ಫೋನ್ ಕಿತ್ತ. ಕೋಲಾರದ ಕಡೆಯ ದೇವಸ್ಥಾನ ಸಮಿತಿಯವರು ಮೂವರು, ಅಷ್ಟು ಹೊತ್ತೂ ತಾಳದ ಜೋಡಿಯ ಬೆಲೆಗೆ ಜಗಳವಾಡುತ್ತಿದ್ದವರು, ಜಗಳ ನಿಲ್ಲಿಸಿ ಹತ್ತಿರ ಬಂದರು. ಹಾಡು ಮುಗಿಯುವಷ್ಟರಲ್ಲಿ ಸಮಿತಿಯ ಖಜಾಂಚಿ "ಇಂಥದ್ದೇ ಒಂದು ನಮಗೂ" ಎಂದುಬಿಟ್ಟ. ಅಧ್ಯಕ್ಷರು ಮೊದಲು ಗಾಬರಿಯಾಗಿ, ಆಮೇಲೆ ಒಪ್ಪಿದರು. ಅವರ ಊರಿನಲ್ಲಿ ನುಡಿಸುವವರು ಯಾರಿದ್ದಾರೆ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ; ಆ ಪ್ರಶ್ನೆ ನನ್ನ ಕಡೆಗೇ ತಿರುಗುವ ಸಾಧ್ಯತೆ ಇತ್ತು.

ಇಷ್ಟು ವ್ಯಾಪಾರ ಮಾಡಿಕೊಟ್ಟಮೇಲೆ ರಿಯಾಯಿತಿ ನಮ್ಮ ಹಕ್ಕು ಎಂದು ವಾದಿಸಿದೆ. ಅಂಗಡಿಯವನು ಒಪ್ಪಿ ಸ್ವಲ್ಪ ಇಳಿಸಿದ, ಮೇಲೆ ಹೊದಿಸಲು ಕಸೂತಿಯ ಬಟ್ಟೆ ಕೊಟ್ಟ, ಮನೆಯಲ್ಲೇ ಕಲಿಯಿರಿ ಎಂಬ ತೆಳು ಪುಸ್ತಕ ಕೊಟ್ಟ, ಮಳೆಗಾಲದಲ್ಲಿ ಒದ್ದೆ ಗೋಡೆಗೆ ಆನಿಸಬೇಡಿ, ಇಲಿಗೆ ತಿದಿಯ ಚರ್ಮ ಬಲು ಇಷ್ಟ ಎಂದು ಎಚ್ಚರಿಕೆಯನ್ನೂ ಕೊಟ್ಟ. ಆಟೋಗೆ ಹತ್ತಿಸುವಾಗ ಗೆಳೆಯರನ್ನು ಪಕ್ಕಕ್ಕೆ ಕರೆದು "ಶನಿವಾರ ಫ್ರೀ ಇರ್ತೀರಾ ಸಾರ್?" ಎಂದು ಕೇಳಿದ.

ಅವರೀಗ ಪ್ರತಿ ಶನಿವಾರ ಬಳೇಪೇಟೆಯಲ್ಲಿರುತ್ತಾರೆ. ಕಾಫಿ, ಖಾರಾಬಾತ್ ಅಂಗಡಿಯದು. ಅದರಿಂದಾಗಿ ಶನಿವಾರಕ್ಕೆ ಗೊತ್ತಾಗಿದ್ದ ನನ್ನ ಪಾಠ ಭಾನುವಾರ ಬೆಳಗಿಗೆ ಹೋಯಿತು. ಸಾರೆಗಮ ಮುಗಿದು ಅಲಂಕಾರಗಳಿಗೆ ಬಂದಿದ್ದೇನೆ. ಮೇಲಿನ ಮನೆಯವರು, ಹಬ್ಬಕ್ಕೂ ದೇವಸ್ಥಾನದ ಮುಖ ನೋಡದವರು, ಇತ್ತೀಚೆಗೆ ಭಾನುವಾರ ಏಳಕ್ಕೇ ಸಂಸಾರ ಸಮೇತ ಹೊರಟು ಮಹಾಮಂಗಳಾರತಿ ಮುಗಿಸಿಕೊಂಡೇ ಬರುತ್ತಾರೆ.