ಜಲಮೇದೋವಿವೇಕ ಅಥವಾ ನಾಲ್ಕು ತಾಲೂಕುಗಳ ತೂಕಮೀಮಾಂಸೆ

ಅಥಾತೋ ತೂಕಜಿಜ್ಞಾಸಾ. 'ಅಥ' ಎಂದರೆ ಯಾವುದರ ಅನಂತರ ಎಂಬುದನ್ನು ಹಿಂದಿನ ಭಾಷ್ಯಕಾರರು ಪುಟಗಟ್ಟಲೆ ಚರ್ಚಿಸಿದ್ದಾರಾಗಿ ನಾವೂ ಒಂದು ಪ್ಯಾರಾ ಚರ್ಚಿಸುವುದು ಧರ್ಮ. ತಂಗಿಯ ಮಗಳ ಮದುವೆಯ ಊಟದ ಅನಂತರ ಎಂಬುದು ಒಂದು ಪಕ್ಷ. ಹೊಲಿಸಿಟ್ಟ ಸಫಾರಿಯ ಗುಂಡಿ ಹಾರಿ ಎದುರಿಗೆ ಕೂತವರ ಸಾರಿನ ಬಟ್ಟಲಲ್ಲಿ ಬಿದ್ದ ಅನಂತರ ಎಂಬುದು ಇನ್ನೊಂದು ಪಕ್ಷ. ಡಾಕ್ಟರು ರಿಪೋರ್ಟು ನೋಡಿ, ಏನೂ ಮಾತಾಡದೆ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟ ಅನಂತರ ಎಂಬುದೇ ಸಿದ್ಧಾಂತ. ಏಕೆಂದರೆ ಪ್ರಸ್ತುತ ಪ್ರಬಂಧಕಾರನಿಗೆ ಆದದ್ದು ಹಾಗೆ.

ವಿಷಯ: ಪಥ್ಯ ಹಿಡಿದವನ ತೂಕ ಇಳಿದಾಗ ಇಳಿದದ್ದು ನೀರೋ ಕೊಬ್ಬೋ? ಸಂಶಯ: ತಕ್ಕಡಿಗೆ ಎರಡೂ ಒಂದೇ. ಪ್ರಯೋಜನ: ಮೂರನೆಯ ದಿನ ಊರೆಲ್ಲ ಹೇಳಿಕೊಂಡು ತಿರುಗಿ ಹತ್ತನೆಯ ದಿನ ಮುಖ ಮರೆಸಿಕೊಂಡು ಓಡಾಡುವ ಪ್ರಸಂಗ ತಪ್ಪುವುದು. ಅಧಿಕಾರಿ, ಎಂದರೆ ಈ ಶಾಸ್ತ್ರ ಓದಲು ಅರ್ಹನಾದವನು: ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳಲ್ಲಿ ಎಲ್ಲಿಯಾದರೂ ಒಮ್ಮೆ ಹೊಟ್ಟೆ ತುಂಬ ಉಂಡವನು. ಹಾವೇರಿ ಜಿಲ್ಲೆ 1997ರಲ್ಲಿ ಧಾರವಾಡದಿಂದ ಬೇರೆಯಾದಾಗ ಇದರೊಳಗೆ ಬಂದ ಉಳಿದ ತಾಲೂಕುಗಳನ್ನು ಏಕೆ ಬಿಟ್ಟಿರಿ ಎಂದು ಪೂರ್ವಪಕ್ಷಿ ಕೇಳಬಹುದು. ಬ್ಯಾಡಗಿಗೆ ಹೋಗಿದ್ದೆ. ಸಂಶೋಧನೆಗಿಂತ ಮೊದಲು ಸೀನು ಬಂತು.

ಈಗ ಪದವಿಚಾರ. 'ಕೊಬ್ಬು' ಎಂಬ ಶಬ್ದಕ್ಕೆ ಕನ್ನಡದಲ್ಲಿ ಮೇದಸ್ಸು, ಸೊಕ್ಕು ಎಂಬ ಎರಡರ್ಥ. 1894ರಲ್ಲಿ ನಿಘಂಟು ಅಚ್ಚು ಹಾಕಿಸಿದ ಕಿಟ್ಟೆಲ್ ಸಾಹೇಬರಿಂದ ಹಿಡಿದು ನಮ್ಮ ಓಣಿಯ ಹಿರಿಯರವರೆಗೆ ಯಾರಿಗೂ ಇದರಲ್ಲಿ ಭಿನ್ನಾಭಿಪ್ರಾಯವಿಲ್ಲ. "ನಿನ್ನ ಕೊಬ್ಬು ಇಳಸ್ತೀನಿ" ಎಂದವರು ಯಾರೂ ಇದುವರೆಗೆ ತಕ್ಕಡಿ ತಂದದ್ದಿಲ್ಲ. ಮೂರು ದಿನದಲ್ಲಿ ಎರಡು ಕಿಲೊ ಇಳಿದವನಲ್ಲಿ ಮೊದಲನೆಯ ಅರ್ಥದ ಕೊಬ್ಬು ಗುಂಜಿಯಷ್ಟು ಇಳಿದು ಎರಡನೆಯ ಅರ್ಥದ್ದು ಸೇರುಗಟ್ಟಲೆ ಏರುವುದು ಅನುಭವಸಿದ್ಧ. ನೀರಿನ ಶಬ್ದಶಾಸ್ತ್ರಕ್ಕೆ ಹಿರೇಕೆರೂರು ಸಾಕು. ಹಿರಿಯ ಕೆರೆಯ ಊರು, ಹೆಸರಿನಲ್ಲೇ ನೀರು ನಿಂತಿದೆ. ಶಿಗ್ಗಾಂವಿಯದು ಇದಕ್ಕೆ ಪ್ರತಿಪಕ್ಷ. ಅದು ಮಾಳಿಗೆ ಸೋರುವುದನ್ನು ಕಂಡು ಹಾಡು ಕಟ್ಟಿದ ಶಿಶುನಾಳ ಶರೀಫರ ತಾಲೂಕು. ತುಂಬುವುದು ಹಿರೇಕೆರೂರು, ಸೋರುವುದು ಶಿಗ್ಗಾಂವಿ. ದೇಹದಲ್ಲಿ ಎರಡೂ ತಾಲೂಕುಗಳಿವೆ.

ಇತಿಹಾಸಕ್ಕೆ ಬಂದರೆ ಹಾನಗಲ್ಲಿಗೇ ಮೊದಲ ಮಣೆ. ಶಾಸನಗಳ ಪಾನುಂಗಲ್ಲು, ಹಾನಗಲ್ ಕದಂಬರ ರಾಜಧಾನಿ, ಜನರ ಬಾಯಲ್ಲಿ ಸಾಕ್ಷಾತ್ ವಿರಾಟನಗರಿ. ಪಾಂಡವರು ಅಜ್ಞಾತವಾಸ ಕಳೆದದ್ದು ಇಲ್ಲೇ ಎಂದು ಇಲ್ಲಿಯ ನಂಬಿಕೆ. ಹಾಗಿದ್ದರೆ ವೃಕೋದರನೆಂದೇ ಬಿರುದುಳ್ಳ ಭೀಮಸೇನ ಒಂದು ವರ್ಷಪೂರ್ತಿ ವಲಲನೆಂಬ ಹೆಸರಿನಲ್ಲಿ ಅಡಿಗೆಮನೆಯ ಉಸ್ತುವಾರಿ ನೋಡಿದ್ದೂ ಹಾನಗಲ್ಲಿನಲ್ಲೇ ಎಂದಾಯಿತು. ಕೀಚಕವಧೆಯ ವರ್ಣನೆ ಎಲ್ಲ ಕವಿಗಳಲ್ಲೂ ಇದೆ. ವರ್ಷದ ಕೊನೆಗೆ ಭೀಮ ಎಷ್ಟು ತೂಗಿದ ಎಂಬುದು ಒಬ್ಬರಲ್ಲೂ ಇಲ್ಲ. ಭಾರತೀಯ ತೂಕಮೀಮಾಂಸೆಗೆ ಆದ ನಷ್ಟ ಇದಕ್ಕಿಂತ ದೊಡ್ಡದು ಬೇರೊಂದಿಲ್ಲ.

ಈ ಕೊರತೆಯನ್ನು ಇಟಲಿಯ ವೈದ್ಯನೊಬ್ಬ ತುಂಬಿದ. ಹೆಸರು ಸಾಂಟೋರಿಯೊ, 1561ರಿಂದ 1636ರವರೆಗೆ ಬದುಕಿದ್ದವನು, ಪಾದುವಾದಲ್ಲಿ ಪಾಠ ಹೇಳುತ್ತಿದ್ದವನು. ದೊಡ್ಡ ತಕ್ಕಡಿಗೆ ಕುರ್ಚಿ ತೂಗುಹಾಕಿಸಿ, ಅದರಲ್ಲೇ ಕೂತು ಉಂಡು, ತಿಂದದ್ದು, ಕುಡಿದದ್ದು, ಹೊರಗೆ ಹಾಕಿದ್ದು ಎಲ್ಲವನ್ನೂ ಸುಮಾರು ಮೂವತ್ತು ವರ್ಷ ತೂಗಿದ. 1614ರಲ್ಲಿ ಪುಸ್ತಕ ಮಾಡಿದ. ದಿನಕ್ಕೆ ಎಂಟು ಪೌಂಡು ಒಳಗೆ ಹೋದರೆ ಐದು ಪೌಂಡು ಕಣ್ಣಿಗೆ ಕಾಣದ ಬೆವರಾಗಿ ಹೋಗುತ್ತದೆ ಎಂದು ಲೆಕ್ಕ ಕೊಟ್ಟ. ಉಣ್ಣುವಾಗ ತೂಗಿಸಿಕೊಳ್ಳುವ ಮನುಷ್ಯನ ಮನೆಯವರು ಮೂವತ್ತು ವರ್ಷ ಏನೆಂದುಕೊಂಡರೋ. ನನ್ನ ಮನೆಯಲ್ಲಿ ಮೂರನೆಯ ದಿನಕ್ಕೇ ಆಕ್ಷೇಪ ಬಂದಿತ್ತು.

ಆತ್ಮಪ್ರಯೋಗದ ವಿವರ ಹೀಗೆ. ಅನ್ನ, ಸಿಹಿ, ಮಿರ್ಚಿ, ಗಿರಮಿಟ್ಟು ತ್ಯಜಿಸಿದೆ. ಮೊದಲ ದಿನ 86.4 ಕಿಲೊ. ನಾಲ್ಕನೆಯ ಬೆಳಿಗ್ಗೆ 84.1. ಎರಡು ಕಿಲೊ ಮುನ್ನೂರು ಗ್ರಾಂ ಮಾಯ! ಆ ದಿನವೇ ಸವಣೂರಿನ ತಂಗಿಗೆ ಫೋನು ಮಾಡಿ ತಿಳಿಸಿದೆ. ಹಾಗಾದರೆ ಬಂದು ತೋರಿಸು ಎಂದಳು. ಹೋದೆ. ಸವಣೂರ ಖಾರ ಎಂಬ ಪದಾರ್ಥವನ್ನು ಮುಷ್ಟಿ ಲೆಕ್ಕದಲ್ಲಿ ತಿನ್ನಲಾರಂಭಿಸಿದವನು ಡಬ್ಬಿಯ ತಳ ಕಾಣುವವರೆಗೆ ನಿಲ್ಲುವುದಿಲ್ಲ ಎಂಬುದು ಆ ಊರಿನ ನವಾಬರ ಕಾಲದಿಂದಲೂ ಇದ್ದ ನಿಯಮವಿರಬೇಕು. ಮೇಲೆ ರಾತ್ರಿ ಅನ್ನ, ಸಾರು, ಹಪ್ಪಳ, ಉಪ್ಪಿನಕಾಯಿ. ಮರುದಿನ ಬೆಳಿಗ್ಗೆ 85.9.

ಇಲ್ಲಿ ಗಣಿತಾಧಿಕರಣ. ಒಂದು ಕಿಲೊ ದೇಹದ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲರಿ ಅಡಗಿರುತ್ತದೆ. ಒಂದು ರಾತ್ರಿಯಲ್ಲಿ ಏರಿದ 1.8 ಕಿಲೊ ಕೊಬ್ಬೇ ಆಗಿದ್ದರೆ ನಾನು ದಿನದ ಖರ್ಚಿನ ಮೇಲೆ 13,860 ಕ್ಯಾಲರಿ ಹೆಚ್ಚು ತಿಂದಿರಬೇಕು. ತಂಗಿಯ ಆಗ್ರಹವನ್ನು ಕಡಿಮೆ ಅಂದಾಜು ಮಾಡಲಾರೆ. ಆದರೂ ವಲಲನಿಗೆ ಸಾಧ್ಯವಾದದ್ದು ನನಗೆ ಸಾಧ್ಯವಿಲ್ಲ. ಹಿಂದಕ್ಕೆ ಹೋದರೂ ಇದೇ ಕಥೆ. ದಿನಕ್ಕೆ 550 ಕ್ಯಾಲರಿ ಕಡಿಮೆ ಉಂಡೆ ಎಂದಿಟ್ಟುಕೊಂಡರೆ ಮೂರು ದಿನಕ್ಕೆ ಕರಗುವ ಕೊಬ್ಬು ಇನ್ನೂರು ಗ್ರಾಮಿನ ಆಸುಪಾಸು. ಉಳಿದ ಎರಡು ಕಿಲೊ ಎಲ್ಲಿಯದು?

ಉತ್ತರ: ನಮ್ಮ ಯಕೃತ್ತಿನಲ್ಲೂ ಸ್ನಾಯುಗಳಲ್ಲೂ ಗ್ಲೈಕೊಜೆನ್ ಎಂಬ ಪಿಷ್ಟದ ದಾಸ್ತಾನು ಅರ್ಧ ಕಿಲೊದಷ್ಟು ಇರುತ್ತದೆ. ಅದರ ಒಂದೊಂದು ಗ್ರಾಂ ಸುಮಾರು ಮೂರು ಗ್ರಾಂ ನೀರನ್ನು ಬಗಲಲ್ಲಿ ಕಟ್ಟಿಕೊಂಡೇ ಕೂತಿರುತ್ತದೆ. ಅನ್ನ ರೊಟ್ಟಿ ಬಿಟ್ಟೊಡನೆ ದೇಹ ಮೊದಲು ಮುಟ್ಟುವುದು ಈ ಹಗೇವನ್ನು. ಕಾಳು ಖಾಲಿ, ನೀರೂ ಖಾಲಿ. ಎರಡೂ ಸೇರಿ ಎರಡು ಕಿಲೊ. ಕರುಳಲ್ಲಿ ಕೂತ ನಿನ್ನೆಯ ಊಟ ಕಡಿಮೆಯಾದದ್ದು ಬೇರೆ. ಮತ್ತೆ ಅನ್ನ ಕಂಡ ದಿನ ಹಗೇವು ತುಂಬುತ್ತದೆ, ನೀರು ವಾಪಸು. ಇದಕ್ಕೆ ಉಪ್ಪು ಜೊತೆಗೂಡಿದರೆ ಕೇಳುವುದೇ ಬೇಡ. ಆಸ್ಪತ್ರೆಯ ಸಲೈನು ಬಾಟಲಿಯಲ್ಲಿ ಲೀಟರಿಗೆ 9 ಗ್ರಾಂ ಉಪ್ಪು. ನಮ್ಮ ರಕ್ತಕ್ಕೂ ಅದೇ ಹದ ಬೇಕು. ಹೆಚ್ಚಾದ ಪ್ರತಿ ಒಂಬತ್ತು ಗ್ರಾಂ ಉಪ್ಪು, ಮೂತ್ರಪಿಂಡ ಅದನ್ನು ವಿಲೇವಾರಿ ಮಾಡುವವರೆಗೆ, ಒಂದು ಲೀಟರು ನೀರನ್ನು ಒತ್ತೆ ಇಟ್ಟುಕೊಳ್ಳುತ್ತದೆ. ಸವಣೂರ ಖಾರಕ್ಕೆ ಆ ಹೆಸರಿಟ್ಟವರು ಉಪ್ಪಿನ ವಿಷಯವನ್ನು ಜಾಣತನದಿಂದ ಮುಚ್ಚಿಟ್ಟಿದ್ದಾರೆ.

ಆದರೆ ಸವಣೂರನ್ನು ಬರೀ ಖಾರಕ್ಕಾಗಿ ನೆನೆಯುವುದು ಅನ್ಯಾಯ. ನಮ್ಮ ಶಾಸ್ತ್ರದ ಮೂಲಪುರುಷರು ಅಲ್ಲಿಯ ದೊಡ್ಡಹುಣಸೆ ಕಲ್ಮಠದ ಆವರಣದಲ್ಲಿದ್ದಾರೆ. ಮೂರು ಮರಗಳು. ಜನ ಕರೆಯುವುದು ದೊಡ್ಡ ಹುಣಸೆ ಎಂದು. ಹಣ್ಣಿನ ತಿರುಳು ಹುಳಿ ಎಂಬುದನ್ನು ಬಿಟ್ಟರೆ ಹುಣಸೆಗೂ ಅದಕ್ಕೂ ನೆಂಟಸ್ತಿಕೆಯಿಲ್ಲ. ಅವು ಆಫ್ರಿಕಾ ಮೂಲದ ಬಾವೊಬಾಬ್. ಶ್ರೀಕೃಷ್ಣ ತಂದು ನೆಟ್ಟದ್ದೆಂದು ಐತಿಹ್ಯ. ಮೂರರಲ್ಲೊಂದು 2023ರ ಮಳೆಗಾಲದಲ್ಲಿ ಬುಡಮೇಲಾಗಿ, ಎತ್ತಿ ಮತ್ತೆ ನೆಡಿಸಿಕೊಂಡಿತು. ನಾಲ್ಕಾರು ಜನ ಕೈ ಹಿಡಿದು ಸುತ್ತಿದರೂ ಸಾಲದ ಆ ಸೊಂಟವನ್ನು ನೋಡಿದವರು ಇದೇನು ಮೇದಸ್ಸು ಎಂದು ಬೆರಗಾಗುತ್ತಾರೆ. ಅದು ಮೇದಸ್ಸಲ್ಲ. ಈ ಜಾತಿಯ ಹಸಿ ಮರದ ತೂಕದಲ್ಲಿ ಮುಕ್ಕಾಲು ಪಾಲು ನೀರೇ. ಮಳೆಗಾಲದಲ್ಲಿ ಕಾಂಡ ಉಬ್ಬುತ್ತದೆ, ಬರ ಬಂದರೆ ಕುಗ್ಗುತ್ತದೆ. ಕುಗ್ಗಿದ ವರ್ಷ ಅದು ಯಾರಿಗೂ ಫೋನು ಮಾಡಿ ಹೇಳುವುದಿಲ್ಲ. ಉಬ್ಬಿದ ವರ್ಷ ಕನ್ನಡಿಯ ಮುಂದೆ ನಿಂತು ಅಳುವುದೂ ಇಲ್ಲ. ನಾನು ಆ ಮರದ ಕೆಳಗೆ ಒಂದು ತಾಸು ಕೂತೆ. ಹೊಟ್ಟೆ ಸಡಿಲ ಬಿಟ್ಟುಕೊಂಡು ಕೂರಲು ಅದಕ್ಕಿಂತ ಸಭ್ಯವಾದ ಜಾಗ ನಾಲ್ಕು ತಾಲೂಕಿನಲ್ಲಿ ಸಿಕ್ಕದು.

ಇದಕ್ಕೆ ವಿರುದ್ಧವಾದ ತೊಡಕೂ ಒಂದುಂಟು: ಕೊಬ್ಬು ನಿಜವಾಗಿ ಕರಗುತ್ತಿದ್ದರೂ ತಕ್ಕಡಿ ಅಲುಗದಿರುವುದು. ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿದ್ವಾಂಸ 1944-45ರಲ್ಲಿ 36 ಜನ ಸ್ವಯಂಸೇವಕರನ್ನು ಇಪ್ಪತ್ನಾಲ್ಕು ವಾರ ಅರೆಹೊಟ್ಟೆಯಲ್ಲಿಟ್ಟ. ಮೈ ಎಲುಬಿನ ಹಂದರವಾಯಿತು, ಆದರೆ ಕಾಲಿನ ಗಂಟು, ಮುಖ ನೀರು ತುಂಬಿ ಬಾತುಕೊಂಡವು. ಕೊಬ್ಬು ಖಾಲಿ ಮಾಡಿದ ಕೋಣೆಗೆ ನೀರು ಬಾಡಿಗೆಗೆ ಬಂದಂತೆ. ಹೆಂಗಸರಿಗೆ ತಿಂಗಳಲ್ಲಿ ಕೆಲವು ದಿನ ಹೀಗಾಗುವುದು ಎಲ್ಲರಿಗೂ ಗೊತ್ತು. ಹೊಸದಾಗಿ ಕಸರತ್ತು ಶುರುಮಾಡಿ ಮೈಕೈ ನೋಯಿಸಿಕೊಂಡವರಿಗೂ ಆಗುತ್ತದೆ. ಅಂಥ ವಾರದಲ್ಲಿ ಪಥ್ಯ ಬಿಟ್ಟು ಮಿರ್ಚಿಯಂಗಡಿಗೆ ಮರಳಿದ ಮಹಾನುಭಾವರ ಸಂಖ್ಯೆ ಅಪಾರ. ಅವರಲ್ಲಿ ಒಬ್ಬನ ಹೆಸರು ಹೇಳುವುದು ಆತ್ಮಶ್ಲಾಘನೆಯಾದೀತು.

ಹಾಗಾದರೆ ತಿಳಿಯುವುದು ಹೇಗೆ? ಪ್ರತ್ಯಕ್ಷವೆಂಬ ತಕ್ಕಡಿ ಒಂದು ದಿನಕ್ಕೆ ಸುಳ್ಳು. ದಿನಾ ಬೆಳಿಗ್ಗೆ ಬಹಿರ್ದೆಸೆ ಮುಗಿಸಿ, ಏನೂ ಬಾಯಿಗೆ ಹಾಕದೆ ನಿಂತು, ಏಳು ದಿನದ ಸರಾಸರಿ ತೆಗೆದು, ವಾರಕ್ಕೆ ವಾರ ಹೋಲಿಸಿದರೆ ಅರೆಸತ್ಯ ಹೇಳಲು ಒಪ್ಪುತ್ತದೆ. ಶಬ್ದಪ್ರಮಾಣ, ಅಂದರೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರ ಮಾತು, ಸರ್ವಥಾ ಅಗ್ರಾಹ್ಯ. ನಿಜವಾಗಿ ಇಳಿದವನಿಗೆ ನಮ್ಮ ಕಡೆ ಸಿಗುವ ಪ್ರಶಸ್ತಿ "ಯಾಕ್ರೀ, ಆರಾಮ ಇಲ್ಲೇನು? ಭಾಳ ಸೊರಗೀರಲ್ಲ!" ಎಂಬುದು, ಇಳಿಯದವನಿಗೂ ಅದೇ, ಕ್ಷೌರ ಮಾಡಿಸಿಕೊಂಡು ಬಂದಿದ್ದರೆ. ಉಳಿದದ್ದು ಉಡದಾರಪ್ರಮಾಣ. ಸೊಂಟದ ಕರಿದಾರಕ್ಕೆ ಬ್ಯಾಟರಿ ಬೇಡ. ಹಿಂದೆ ಒಂದು ಬೆರಳು ತೂರದಿದ್ದಲ್ಲಿ ಎರಡು ತಿಂಗಳಿಗೆ ಎರಡು ಬೆರಳು ತೂರಿದರೆ ಇಳಿದದ್ದು ನೀರಲ್ಲ.

ಕಾಲಾವಧಿಯ ಬಗ್ಗೆ ಶಿಗ್ಗಾಂವಿ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು ನಾನೂರು ವರ್ಷಕ್ಕೂ ಹಿಂದೆಯೇ ತೀರ್ಪು ಕೊಟ್ಟಿದ್ದಾರೆ. ರಾಮಧಾನ್ಯಚರಿತ್ರೆಯಲ್ಲಿ ಅಕ್ಕಿಗೂ ರಾಗಿಗೂ ಜಗಳ ಬಿದ್ದಾಗ ಶ್ರೀರಾಮ ಎರಡನ್ನೂ ಅಲ್ಲೇ ತೂಗಿಸಲಿಲ್ಲ. ಸೆರೆಯಲ್ಲಿಡಿಸಿ ಆರು ತಿಂಗಳು ಬಿಟ್ಟು ನೋಡಿದ. ಅಕ್ಕಿ ಕೆಟ್ಟಿತ್ತು, ರಾಗಿ ನಿಂತಿತ್ತು. ಆರು ತಿಂಗಳ ತಾಳ್ಮೆ ಅವತಾರಪುರುಷರಿಗೆ. ಹಾನಗಲ್ಲಿನ ಗದ್ದೆಯ ಅನ್ನ ಉಂಡವನು ಆರು ವಾರ ಕಾದರೂ ದೊಡ್ಡದು.

ಕರಗಿದ ಕೊಬ್ಬು ಎಲ್ಲಿ ಹೋಗುತ್ತದೆ ಎಂಬ ಉಪಪ್ರಶ್ನೆಗೆ ಆಸ್ಟ್ರೇಲಿಯದ ಇಬ್ಬರು 2014ರಲ್ಲಿ ಲೆಕ್ಕ ಹಾಕಿ ಉತ್ತರಿಸಿದ್ದಾರೆ: ಹತ್ತು ಕಿಲೊ ಕೊಬ್ಬು ಉರಿದರೆ 8.4 ಕಿಲೊ ಇಂಗಾಲದ ಡೈಆಕ್ಸೈಡ್ ಆಗಿ ಮೂಗಿನಿಂದ ಹೋಗುತ್ತದೆ, ಉಳಿದ 1.6 ಕಿಲೊ ನೀರಾಗುತ್ತದೆ. ಅಂದರೆ ಕೊಬ್ಬಿನಲ್ಲೂ ಕಡೆಗೆ ಒಂದು ಪಾಲು ನೀರೇ! ಇದನ್ನು ಓದಿದ ರಾತ್ರಿ ನನ್ನ ಇಡೀ ಸಿದ್ಧಾಂತ ಕುಸಿದುಬಿದ್ದಂತಾಗಿ ನಿದ್ದೆ ಬರಲಿಲ್ಲ. ನಿಟ್ಟುಸಿರು ಬಿಟ್ಟೆ. ಅಷ್ಟಾದರೂ ಹೋಯಿತು.

ಕೊನೆಗೆ ಹಿರೇಕೆರೂರು. ಸುಗ್ಗಿಯ ದಿನ, ರಸ್ತೆಯ ಅಂಚಿನುದ್ದಕ್ಕೂ ಗೋವಿನಜೋಳ ಹರವಿದ್ದರು. ಅದರ ತೇವಾಂಶ ನೂರಕ್ಕೆ ಹದಿನಾಲ್ಕಕ್ಕಿಂತ ಹೆಚ್ಚಿರಬಾರದು ಎಂಬುದು ಬೆಂಬಲಬೆಲೆ ಖರೀದಿಯ ನಿಯಮ. ನೂರರಲ್ಲಿ ಇಪ್ಪತ್ತು ನೀರಿರುವ ಕ್ವಿಂಟಲ್ ಜೋಳವನ್ನು ಆ ಹದಕ್ಕೆ ಒಣಗಿಸಿದರೆ 93 ಕಿಲೊ ಉಳಿಯುತ್ತದೆ. ಏಳು ಕಿಲೊ ಹೋಯಿತು, ಒಂದು ಕಾಳೂ ಕಡಿಮೆಯಾಗಲಿಲ್ಲ. ನಾನು ಇಷ್ಟು ಗ್ರಂಥ ತಿರುವಿ ಕಂಡುಕೊಂಡದ್ದು ಇಲ್ಲಿಯ ರೈತರಿಗೆ ಪ್ರತಿ ಸುಗ್ಗಿಯ ಸಂಕಟ. ದಲಾಲಿ ಅಂಗಡಿಯ ಹಮಾಲ ಚೀಲದೊಳಗೆ ಮೊಳಕೈವರೆಗೆ ಕೈ ತೂರಿಸಿ, ಒಂದು ಕಾಳು ಹಲ್ಲಿಗೆ ಕೊಟ್ಟು ಕಟ್ ಎನಿಸಿ, ಮಷಿನ್ನಿಗಿಂತ ಮೊದಲೇ ಹೇಳುತ್ತಿದ್ದ. ಅವನಿಗೆ ನನ್ನ ಶಾಸ್ತ್ರವನ್ನೆಲ್ಲ ವಿವರಿಸಿ, ಚೀಲ ತೂಗುವ ಕಾಂಟಾದ ಮೇಲೆ ಹತ್ತಿ ನಿಂತೆ. 84.6. ಮೂರು ವಾರದ ಪಥ್ಯದ ಮೇಲೆ ಇದು ಯಾವ ತೂಕ, ನೀನೇ ಹೇಳಪ್ಪ ಎಂದೆ.

ಅವನು ನನ್ನನ್ನು ಮೇಲಿಂದ ಕೆಳಗಿನವರೆಗೆ ಚೀಲ ನೋಡಿದ ಹಾಗೆ ನೋಡಿದ. ರಟ್ಟೆ ಹಿಡಿದು ಒತ್ತಿದ.

"ಇನ್ನಾ ಹಸಿ ಐತ್ರೀ ಸರ. ನಾಕ್ ದಿನಾ ಬಿಸಲಿಗೆ ಹಾಕ್ರಿ, ಆಮ್ಯಾಲ ತೂಕ ಮಾಡೂಣು. ಇಳೀರಿ ಈಗ, ಹಿಂದ ಚೀಲಾ ಬಂದಾವು."