ನಿಷ್ಕಾಸನಾಳ ಸಂರಕ್ಷಣ ಮೀಮಾಂಸೆ

ಯಾವ ವಿಷಯವನ್ನೇ ಆಗಲಿ ಅದರ ಉಗಮ, ವ್ಯಾಪ್ತಿ, ಪ್ರಭೇದ, ಪ್ರಯೋಜನಗಳೆಂಬ ಚತುರ್ವಿಧ ಸೋಪಾನಗಳನ್ನು ಏರದೆ ನಿರೂಪಿಸತಕ್ಕದ್ದಲ್ಲವೆಂದು ನಮ್ಮ ವಿಚಾರಸಂಕಿರಣಗಳ ಅಧ್ಯಕ್ಷಪೀಠಗಳಿಂದ ಮೇಲಿಂದ ಮೇಲೆ ಅಪ್ಪಣೆಯಾಗಿರುವುದರಿಂದಲೂ, ಮಧ್ಯಾಹ್ನದ ಊಟಕ್ಕೆ ಮುಂಚೆ ಮಾತು ಮುಗಿಸಿದ ವಿದ್ವಾಂಸನಿಗೆ ಶಾಲು ಹೊದಿಸಿದ ನಿದರ್ಶನವು ಎಲ್ಲಿಯೂ ಕಾಣಬಾರದಿರುವುದರಿಂದಲೂ, ಮೋಟಾರು ಎಂಜಿನ್ನಿನ ಹೊಗೆಯನ್ನು ಹೊರಕ್ಕೊಯ್ಯುವ, ಮೇಸ್ತ್ರಿಗಳು ಮ್ಯಾನಿಫೋಲ್ಡೆಂದೂ ಹೊಸ ಹುಡುಗರು ಹೆಡರೆಂದೂ ಕರೆಯುವ, ಆದರೆ ಶಾಸ್ತ್ರಗೌರವಾರ್ಥವಾಗಿ ನಾವು ನಿಷ್ಕಾಸನಾಳವೆಂದೇ ವ್ಯವಹರಿಸಲಿರುವ ಕೊಳವೆಯನ್ನು ಉಷ್ಣದಿಂದಲೂ ತುಕ್ಕಿನಿಂದಲೂ ಕಾಪಾಡುವ ಬಗೆಯನ್ನು ಈ ನಿಬಂಧವು ಸವಿಸ್ತಾರವಾಗಿ ವಿವೇಚಿಸುವುದು.

ಅಧ್ಯಯನದ ಕ್ಷೇತ್ರವು 1997ರಲ್ಲಿ ಧಾರವಾಡದಿಂದ ಬೇರ್ಪಟ್ಟ ಹಾವೇರಿ ಜಿಲ್ಲೆ. ಇದರಲ್ಲಿ ಹಾವೇರಿ ಮತ್ತು ರಾಣೆಬೆನ್ನೂರುಗಳು ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆಯೇ ಇರುವುವು. ಬ್ಯಾಡಗಿಯು ಮೋಟೆಬೆನ್ನೂರಿನಿಂದ ತುಸು ಒಳಕ್ಕೆ ಸರಿದು ಕುಳಿತಿದೆ. ಈ ಕ್ಷೇತ್ರವನ್ನೇ ಆರಿಸಿಕೊಂಡುದಕ್ಕೆ ಸೈದ್ಧಾಂತಿಕ ಸಮರ್ಥನೆ ಏನೆಂದು ಕೇಳುವವರಿಗೆ, ಲೇಖಕನ ಮನೆ ಅಲ್ಲಿರುವುದೆಂಬುದೇ ಉತ್ತರ. ಪ್ರವಾಸಭತ್ಯೆಯಿಲ್ಲದೆ ನಡೆದ ಸಂಶೋಧನೆಗೆ ಪ್ರಾಮಾಣ್ಯವುಂಟೇ ಎಂಬ ಆಕ್ಷೇಪವು ನ್ಯಾಯವಾದುದೇ. ಅದನ್ನು ಇಲ್ಲಿ ಪರಿಹರಿಸಲು ಸ್ಥಳವಿಲ್ಲ.

ಮೊದಲು ಉಷ್ಣಸ್ವರೂಪ. ಭಾರವೇರಿದ ಪೆಟ್ರೋಲ್ ಎಂಜಿನ್ನಿನಿಂದ ಹೊರಬೀಳುವ ಹೊಗೆಯ ಉಷ್ಣವು 800ರಿಂದ 900 ಡಿಗ್ರಿ ಸೆಲ್ಸಿಯಸ್ಸಿನವರೆಗೆ ಏರುವುದುಂಟು; ಡೀಸೆಲ್ಲಿನದು ಅದಕ್ಕಿಂತ ಕಡಿಮೆ. ಒಂದು ಮೀಟರು ಉದ್ದದ ಉಕ್ಕಿನ ಕೊಳವೆಯು 500 ಡಿಗ್ರಿಯಷ್ಟು ಕಾದರೆ ಸುಮಾರು 6 ಮಿಲಿಮೀಟರು ಹಿಗ್ಗುವುದು, ಆರಿದರೆ ಅಷ್ಟೇ ಕುಗ್ಗುವುದು. ದಿನಕ್ಕೆ ಹತ್ತು ಬಾರಿ ಹಿಗ್ಗಿ ಹತ್ತು ಬಾರಿ ಕುಗ್ಗುವ ಲೋಹವನ್ನು ಎಂಜಿನ್ನಿಗೆ ಬಿಗಿದಿಟ್ಟಿರುವ ಸ್ಟಡ್ಡುಗಳು ಒಂದು ದಿನ ಮುರಿಯುವುದರಲ್ಲಿಯೂ, ನಡುವಿನ ಪ್ಯಾಕಿಂಗು ಸುಟ್ಟು ಗಾಡಿಯು ಪಟಪಟನೆ ಸದ್ದು ಮಾಡುವುದರಲ್ಲಿಯೂ ಆಶ್ಚರ್ಯವಿಲ್ಲ. ಬೀಡುಕಬ್ಬಿಣದ ಹಳೆಯ ಮ್ಯಾನಿಫೋಲ್ಡು ಮೈಮೇಲೆ ಕೆಂಪು ತುಕ್ಕನ್ನು ಹೊದ್ದುಕೊಂಡೇ ದೀರ್ಘಾಯುವಾಗಿ ಬಾಳುವುದು, ಅದರ ಗೋಡೆ ದಪ್ಪ. ತೆಳುತಗಡಿನ ಹೆಡರಿಗಾದರೋ ಆ ಭಾಗ್ಯವಿಲ್ಲ.

ಇನ್ನು ತುಕ್ಕು. ಅದು ಬಾಹ್ಯ, ಆಭ್ಯಂತರವೆಂದು ದ್ವಿವಿಧ. ನಮ್ಮಲ್ಲಿ ಕಾರವಾರದ ಉಪ್ಪುಗಾಳಿಯಿಲ್ಲ. ಹಿಮ ಕರಗಿಸಲು ರಸ್ತೆಯ ಮೇಲೆ ಉಪ್ಪು ಚೆಲ್ಲುವ ಶೀತದೇಶಗಳ ಪದ್ಧತಿಯೂ ಇಲ್ಲ. ಹೀಗಿದ್ದೂ ತುಕ್ಕು ಹೇಗೆ ಬಂದಿತೆಂದು ನಾನು ಪೂರ್ವಪಕ್ಷ ಉತ್ತರಪಕ್ಷಗಳನ್ನು ಹೂಡಿ ರಾಣೆಬೆನ್ನೂರಿನ ಒಬ್ಬ ಮೇಸ್ತ್ರಿಯ ಮುಂದಿಡಲಾಗಿ, ಆತನು ಪಾನಾ ಕೆಳಗಿಡದೆಯೇ, “ಸರ, ಅದು ಹೊರಗಿಂದ ಕೆಡಂಗಿಲ್ರಿ, ಒಳಗಿಂದ ತಿಂತೈತ್ರಿ. ಗಾಡಿ ಮನಿಯಿಂದ ಬಜಾರಕ್ಕ, ಬಜಾರದಿಂದ ಮನಿಗೆ ಅಷ್ಟ ಓಡಿದ್ರ ಸೈಲೆನ್ಸರ್ ನೀರ ಕುಡಿತೈತಿ” ಎಂದನು. ನಾಲ್ಕು ಸೋಪಾನಗಳನ್ನೂ ಏರದೆ ಆಡಿದ ಈ ಮಾತು ರಸಾಯನಶಾಸ್ತ್ರಕ್ಕೆ ಅಕ್ಷರಶಃ ಸಮ್ಮತವಾಗಿರುವುದು ಶೋಚನೀಯ. ಒಂದು ಲೀಟರು ಪೆಟ್ರೋಲು ಪೂರ್ಣವಾಗಿ ಉರಿದರೆ ಹೆಚ್ಚುಕಡಿಮೆ ಒಂದು ಲೀಟರು ನೀರೇ ಹುಟ್ಟುವುದು. ಕೊಳವೆ ಚೆನ್ನಾಗಿ ಕಾದಿದ್ದರೆ ಅದು ಆವಿಯಾಗಿ ಹೊರಟುಹೋಗುವುದು. ಕಾಯುವುದಕ್ಕೆ ಮೊದಲೇ ಎಂಜಿನ್ ನಿಂತರೆ, ಇಂಧನದ ಗಂಧಕದಿಂದ ಹುಟ್ಟಿದ ಆಮ್ಲವನ್ನು ತುಸು ಬೆರೆಸಿಕೊಂಡು, ಒಳಗೇ ಇಬ್ಬನಿಗಟ್ಟಿ ನಿಲ್ಲುವುದು. 2020ರ ಏಪ್ರಿಲಿನಿಂದ ಜಾರಿಗೆ ಬಂದ ಇಂಧನದಲ್ಲಿ ಗಂಧಕವು ಹತ್ತು ಲಕ್ಷಕ್ಕೆ ಹತ್ತು ಭಾಗಕ್ಕೆ ಇಳಿದಿದೆ. ನೀರು ಮಾತ್ರ ಇಳಿದಿಲ್ಲ, ಇಳಿಯಲೂ ಆರದು. ಹೊರಗಿನಿಂದಲಾದರೋ ನಮ್ಮ ಎರೆಮಣ್ಣು ಕೊಳವೆಯ ತಳಕ್ಕೆ ಮೆತ್ತಿಕೊಂಡು, ತೇವವನ್ನು ಹಿಡಿದಿಟ್ಟು, ತನ್ನ ಪಾಲಿನ ಕೆಲಸವನ್ನು ನೆರವೇರಿಸುವುದು.

ಸಂರಕ್ಷಣೋಪಾಯಗಳಲ್ಲಿ ಲೇಪನವಾದ, ವೇಷ್ಟನವಾದ, ಉಪೇಕ್ಷಾವಾದ, ಬಾಹ್ಯಾಗ್ನಿವಾದವೆಂದು ನಾಲ್ಕು ಪಂಥಗಳು. ಲೇಪನವಾದವು ಮತ್ತೆ ರಜತಲೇಪನ, ತೈಲಲೇಪನ, ಭಸ್ಮಲೇಪನವೆಂದು ತ್ರಿಧಾ ವಿಭಕ್ತವಾಗಿದೆ. ರಜತಲೇಪನವೆಂದರೆ ಅಂಗಡಿಯ ಸಿಲ್ವರ್ ಪೇಂಟು; ಸಾಮಾನ್ಯ ಬಗೆಯದಾದರೆ ಮೊದಲ ಪ್ರಯಾಣದಲ್ಲಿಯೇ ಹೊಪ್ಪಳಿಕೆ ಎದ್ದು ಉದುರುವುದು, ಸಿಲಿಕೋನ್ ಬೆರೆತ ಶಾಖನಿರೋಧಕವಾದರೆ ಸುಮಾರು 600 ಡಿಗ್ರಿಯವರೆಗೆ ತಾಳುವುದು, ಆದರೆ ತುಕ್ಕನ್ನು ತಂತಿ ಬ್ರಷ್ಷಿನಿಂದ ಬುಡಸಹಿತ ಉಜ್ಜಿ ತೆಗೆದು, ಬಳಿದ ಮೇಲೆ ಹಂತಹಂತವಾಗಿ ಕಾಯಿಸಿ ಬೇಯಿಸಿದರೆ ಮಾತ್ರ. ತೈಲಲೇಪನವೆಂದರೆ ಚಾಸಿಗೆ ಬಳಿಯುವ ಸುಟ್ಟ ಆಯಿಲನ್ನೇ ಕೊಳವೆಗೂ ಬಳಿಯುವುದು. ಇದರಿಂದ ಹೊಗೆಯ ಹೊರತು ಬೇರೆ ಫಲವಿಲ್ಲ. ಭಸ್ಮಲೇಪನವು ಆಯುಧಪೂಜೆಯ ದಿನ ಕಾದ ಎಂಜಿನ್ನಿನ ಮೇಲೆ ಕೊಡಗಟ್ಟಲೆ ನೀರು ಸುರಿದು, ಬೀಡು ಬಿರಿಯುವ ಅಪಾಯವನ್ನು ಲೆಕ್ಕಿಸದೆ, ಅನಂತರ ವಿಭೂತಿ ಹಚ್ಚುವುದು. ಇವುಗಳ ಅವಾಂತರಭೇದಗಳನ್ನು, ಸತುವಿನ ಲೇಪವು 419 ಡಿಗ್ರಿಗೇ ಕರಗುವ ಕಾರಣ ಅದು ಏಕೆ ನಿಷಿದ್ಧವೆಂಬುದನ್ನು, ಪಿಂಗಾಣಿ ಲೇಪದ ವೆಚ್ಚವನ್ನು ಇತ್ಯಾದಿಯಾಗಿ ಹದಿನಾಲ್ಕು ವಿಭಾಗಗಳಲ್ಲಿ ನಿರೂಪಿಸಲು ಯೋಜಿಸಿದ್ದೆನು, ಈಗ ಮನಸ್ಸಿಲ್ಲ.

ಬಾಹ್ಯಾಗ್ನಿವಾದಕ್ಕೆ ಒಂದೇ ಉದಾಹರಣೆ ಸಾಕು. 2024ರ ಮಾರ್ಚ್ 11ರಂದು ಮೆಣಸಿನಕಾಯಿಯ ಬೆಲೆ ಕುಸಿದುದರಿಂದ ಕೆರಳಿದ ರೈತರು ಬ್ಯಾಡಗಿಯ ಮಾರುಕಟ್ಟೆ ಸಮಿತಿಯ ಕಚೇರಿಗೂ ಅಲ್ಲಿದ್ದ ವಾಹನಗಳಿಗೂ ಬೆಂಕಿಯಿಟ್ಟರು. ಅಂದು ಆ ವಾಹನಗಳ ನಿಷ್ಕಾಸನಾಳಗಳು ಹೊರಗಿನಿಂದ ಒಳಕ್ಕೆ ಕಾದವು. ಸುಟ್ಟದ್ದು ತಪ್ಪೆಂದು ಎಲ್ಲರೂ ಹೇಳಿದರು, ನಾನೂ ಹೇಳುತ್ತೇನೆ. ವರ್ಷವಿಡೀ ದುಡಿದು ತಂದ ಚೀಲಗಳ ಮುಂದೆ ನಿಂತವನ ಒಳಗಿನ ಕಾವನ್ನು ಅಳೆಯುವ ಪರಿಭಾಷೆ ನಮ್ಮ ಸಂಕಿರಣಗಳಲ್ಲಿ ಇದುವರೆಗೆ ಹುಟ್ಟಿಲ್ಲವೆಂಬುದನ್ನೂ ಹೇಳುತ್ತೇನೆ.

ಉಪೇಕ್ಷಾವಾದವನ್ನು ಅದರ ಹೆಸರಿಗೆ ತಕ್ಕಂತೆ ಉಪೇಕ್ಷಿಸಿದರೆ, ಉಳಿದದ್ದು ವೇಷ್ಟನವಾದ. ಕೊಳವೆಯ ಸುತ್ತ ಪಟ್ಟಿಯನ್ನೋ ಹಗ್ಗವನ್ನೋ ಬಿಗಿಯಾಗಿ ಸುತ್ತಿದರೆ ಕಾವು ಒಳಗೇ ಉಳಿದು, ಬಾನೆಟ್ಟಿನ ಕೆಳಗಿನ ವಯರುಗಳೂ ರಬ್ಬರುಗಳೂ ಬದುಕುವುವು. ಆದರೆ ಸುತ್ತಿನೊಳಗೆ ಹೊಕ್ಕ ಮಳೆನೀರು ಬೇಗ ಆರದು. ಬೆಚ್ಚಗಿನ ತೇವದಲ್ಲಿ ಸಾದಾ ಉಕ್ಕು ಯಾರ ಕಣ್ಣಿಗೂ ಬೀಳದೆ ಕೊಳೆಯುವುದು. ಸ್ಟೇನ್‌ಲೆಸ್ ಕೊಳವೆಗೆ ಸಲ್ಲುವ ಉಪಾಯವನ್ನು ಸಾದಾ ಕೊಳವೆಗೆ ಮಾಡಿದರೆ, ಉಷ್ಣದಿಂದ ಬಿಡಿಸಿ ತುಕ್ಕಿಗೆ ಒಪ್ಪಿಸಿದಂತಾಯಿತು.

ಆದರೆ ಆ ಹಗ್ಗ ಯಾವುದು? ನಮ್ಮ ಗ್ಯಾರೇಜುಗಳಲ್ಲಿ ಬಹುಕಾಲದಿಂದ ಸುತ್ತುತ್ತ ಬಂದ ಬಿಳಿಯ ಹಗ್ಗ ಆಸ್ಬೆಸ್ಟಾಸಿನದು. ಅಂಗಡಿಯಲ್ಲಿ ತೂಕದ ಮೇಲೆ ಮಾರುತ್ತಾರೆ. ಹುಡುಗನೊಬ್ಬ, ಮೀಸೆ ಇನ್ನೂ ಮೂಡಿಲ್ಲ, ಗಾಡಿಯ ಕೆಳಗೆ ಅಂಗಾತ ಮಲಗಿ ಎಕ್ಸಾ ಬ್ಲೇಡಿನಿಂದ ಹಳೆಯ ಸುತ್ತನ್ನು ಕುಯ್ಯುತ್ತಾನೆ. ನಾರು ಪುಡಿಯಾಗಿ ಅವನ ರೆಪ್ಪೆಯ ಮೇಲೆ, ತುಟಿಯ ಮೇಲೆ ಬೀಳುತ್ತದೆ. ಕೆಲಸ ಮುಗಿದ ಮೇಲೆ ಕಂಪ್ರೆಸರಿನ ಗಾಳಿ ಹಿಡಿದು ಅಂಗಿಯನ್ನು ಊದಿಕೊಳ್ಳುತ್ತಾನೆ. ಶ್ವಾಸಕೋಶಕ್ಕೆ ಹೊಕ್ಕ ಆ ನಾರು ಇಪ್ಪತ್ತು, ಮೂವತ್ತು, ನಾಲ್ವತ್ತು ವರ್ಷ ಸುಮ್ಮನಿದ್ದು ಆಮೇಲೆ ಕ್ಯಾನ್ಸರಾಗಬಲ್ಲದು. ಅದಕ್ಕೆ ರಜತಲೇಪನವಿಲ್ಲ. ಆಸ್ಬೆಸ್ಟಾಸ್ ಉದ್ಯಮದ ಕಾರ್ಮಿಕರ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ, ಅಥವಾ ನಿವೃತ್ತಿಯ ಅನಂತರ 15 ವರ್ಷ, ಯಾವುದು ಹೆಚ್ಚೋ ಅಷ್ಟು ಕಾಲ ಇಡಬೇಕೆಂದು ಸುಪ್ರೀಂ ಕೋರ್ಟು 1995ರಲ್ಲಿಯೇ ಆದೇಶಿಸಿತು. ಹೆದ್ದಾರಿಯ ಪಕ್ಕದ ತಗಡಿನ ಶೆಡ್ಡಿನಲ್ಲಿರುವ ಈ ಹುಡುಗನ ಹೆಸರು ಯಾವ ದಫ್ತರದಲ್ಲಿದೆ? ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ನೋಂದಣಿ ಆಗಿದೆ, ಸಂತೋಷ. ಅದರ ತೊಟ್ಟು ಬಿಡಿಸುವ ಹೆಂಗಸರು ಸೆರಗನ್ನು ಮೂಗಿಗೆ ಕಟ್ಟಿಕೊಂಡು ದಿನವೆಲ್ಲ ಕೆಮ್ಮುತ್ತಾರಲ್ಲ, ಅವರ ನೋಂದಣಿ ಎಲ್ಲಿ? ಘಾಟಾದರೂ ತನ್ನ ಬರವನ್ನು ತಾನೇ ಸಾರುತ್ತದೆ. ಈ ನಾರಿಗೆ ವಾಸನೆಯೂ ಇಲ್ಲ. ಕೊಳವೆಯ ಆಯುಸ್ಸಿನ ಮೇಲೆ ಇಷ್ಟು ಪುಟ ಬರೆದ ನನಗೂ, ಬರೆಸಿಕೊಳ್ಳುವ ಪೀಠಗಳಿಗೂ, ಅದರ ಕೆಳಗೆ ಮಲಗಿದವನು ಪ್ರಭೇದವಾಗಿಯೂ ಹೊಳೆಯಲಿಲ್ಲ.

ಗಾಜಿನ ನಾರಿನ ಪಟ್ಟಿ ದೊರೆಯುತ್ತದೆ, ಸುತ್ತಲೇಬೇಕಾದರೆ ಅದನ್ನು ಸುತ್ತಬಹುದು. ಹಳೆಯ ಬಿಳಿ ಹಗ್ಗವನ್ನು ಒಣಗಿದ್ದಾಗ ಹರಿಯದೆ, ನೀರಿನಲ್ಲಿ ಚೆನ್ನಾಗಿ ನೆನೆಸಿ, ಬಾಯಿ ಮೂಗಿಗೆ ಸರಿಯಾದ ಮಾಸ್ಕು ಹಾಕಿಕೊಂಡು ತೆಗೆದು, ಚೀಲದಲ್ಲಿ ಕಟ್ಟಿಡಬೇಕು, ಗಾಳಿಯಿಂದ ಊದಲೇಬಾರದು. ಇದನ್ನು ಗಾಡಿಯ ಮಾಲೀಕನೇ ನಿಂತು ಹೇಳಬೇಕಾಗುವುದು, ಏಕೆಂದರೆ ಹುಡುಗನಿಗೆ ಅವಸರ. ಗಿರಾಕಿ ಹಾರ್ನು ಹೊಡೆಯುತ್ತಿದ್ದಾನೆ, ಮೆಣಸಿನಕಾಯಿ ಸವಾಲಿಗೆ ಹೊತ್ತಾಯಿತೆಂದು.