ಲಾವಾಗುಹೆ–ಹಿಮಗುಹೆ ಪ್ಯಾಕೇಜ್ ನಿರ್ಣಯ: ಪಟ್ಟಂದೂರು ಅಗ್ರಹಾರದ ಒಂದು ಪ್ರಮಾಣ ವಿಚಾರ

ಹಿಂದಿನ ಅಗ್ರಹಾರಗಳಲ್ಲಿ ಮುಖ್ಯವಾಗಿ ಮೂರು ಕೆಲಸ ನಡೆಯುತ್ತಿದ್ದವು: ಅಧ್ಯಯನ, ವಾದ, ಭೋಜನ. ಬೆಂಗಳೂರಿನ ಪಟ್ಟಂದೂರು ಅಗ್ರಹಾರದಲ್ಲಿ ಇವತ್ತಿಗೂ ಅವೇ ಮೂರು ನಡೆಯುತ್ತಿವೆ. ಕ್ರಮ ಮಾತ್ರ ತಿರುಗಾಮುರುಗಾ ಆಗಿದೆ. ಟೆಕ್ ಪಾರ್ಕಿನ ಫುಡ್ ಕೋರ್ಟಿನಲ್ಲಿ ಮಧ್ಯಾಹ್ನ ಮೊದಲು ಭೋಜನ, ಅದರ ಬೆನ್ನಿಗೇ ವಾದ, ಸಮಯ ಉಳಿದರೆ ಅಧ್ಯಯನ. ವಾದದ ವಿಷಯ ಜಗತ್ತು ಸತ್ಯವೋ ಮಿಥ್ಯೆಯೋ ಎಂಬುದಲ್ಲ. ಬರುವ ಲಾಂಗ್ ವೀಕೆಂಡಿಗೆ ಲಾವಾ ಗುಹೆಯೋ ಹಿಮದ ಗುಹೆಯೋ, ಹೋಗುವುದಾದರೆ ಯಾವ ಗೈಡಿನ ಹಿಂದೆ ಎಂಬುದು. 2023ರ ಮಾರ್ಚ್ 25ರಂದು ನೇರಳೆ ಮಾರ್ಗದ ಮೆಟ್ರೊ ಈ ಊರಿಗೆ ಬಂದ ಮೇಲೆ ವಾದಿಗಳು ಹೊತ್ತಿಗೆ ಸರಿಯಾಗಿ ಬರುತ್ತಿದ್ದಾರೆ, ನಿರ್ಣಯ ಮಾತ್ರ ಇನ್ನೂ ಬಂದಿಲ್ಲ. ಆ ಕೊರತೆಯನ್ನು ನೀಗುವುದೇ ಪ್ರಸ್ತುತ ಪ್ರಬಂಧದ ಪ್ರಯೋಜನ.

ನಿಜವನ್ನು ತಿಳಿಯಲು ನೈಯಾಯಿಕರು ನಾಲ್ಕು ಪ್ರಮಾಣಗಳನ್ನು ಒಪ್ಪುತ್ತಾರೆ, ಭಾಟ್ಟ ಮೀಮಾಂಸಕರು ಆರು. ಇಎಂಐ ಕಟ್ಟುವ ಹಣ ಸೇರಿರುವುದರಿಂದ ಇಲ್ಲಿ ಆರನ್ನೂ ಪರಿಶೀಲಿಸಲಾಗಿದೆ.

ಪ್ರತ್ಯಕ್ಷವೆಂದರೆ ಇನ್‌ಸ್ಟಾಗ್ರಾಮ್. ಐಸ್‌ಲ್ಯಾಂಡಿನ ವಾಟ್ನಾಯೊಕುಲ್ ಹಿಮನದಿಯ ಒಳಗಿನ ನೀಲಿಯನ್ನು ಫೋನಿನಲ್ಲಿ ಕಂಡವರೆಲ್ಲರೂ ಆ ಗುಹೆಯನ್ನು ಕಂಡಂತೆಯೇ. ಆದರೆ ಅದು ಬೇಸಿಗೆಯ ಕರಗುನೀರು ಕೊರೆದ ಪೊಳ್ಳು. ವರ್ಷದಿಂದ ವರ್ಷಕ್ಕೆ ಆಕಾರ ಬದಲಿಸುತ್ತದೆ, ಹೋದ ವರ್ಷದ ಫೋಟೊದ ಗುಹೆ ಈ ವರ್ಷ ಇರಲೇಬೇಕೆಂದಿಲ್ಲ. ಇನ್ನು ಆಸ್ಟ್ರಿಯಾದ ಐಸ್‌ರೀಸೆನ್‌ವೆಲ್ಟ್ ಗುಹೆಯಲ್ಲಿ ಪ್ರವಾಸಿಗರು ಫೋಟೊ ತೆಗೆಯುವುದೇ ನಿಷಿದ್ಧ. 42 ಕಿ.ಮೀ. ಉದ್ದದ ಆ ಗುಹೆಯಲ್ಲಿ ಹಿಮ ಇರುವುದು ಮೊದಲ ಒಂದು ಕಿ.ಮೀ.ನಷ್ಟು ಭಾಗದಲ್ಲಿ, ಜನರನ್ನು ಬಿಡುವುದೂ ಅಲ್ಲಿಗೇ. ಫೋಟೊ ಇಲ್ಲದ ಗುಹೆಗೆ ಹೋಗಿಬಂದದ್ದನ್ನು ಸಾಬೀತು ಮಾಡುವುದು ಹೇಗೆ ಎಂಬ ಪ್ರಶ್ನೆಗೆ ಸಭೆಯಲ್ಲಿ ಉತ್ತರ ಹೊಳೆಯದೆ ಆಸ್ಟ್ರಿಯಾವನ್ನು ಕೈಬಿಡಲಾಯಿತು.

ಅನುಮಾನ ಪ್ರಮಾಣಕ್ಕೆ ಶಾಸ್ತ್ರಕಾರರು ಕೊಡುವ ಉದಾಹರಣೆ ಬೆಟ್ಟದ ಮೇಲಿನ ಹೊಗೆ: ಹೊಗೆ ಕಂಡರೆ ಬೆಂಕಿ ಇದೆ. ಜ್ವಾಲಾಮುಖಿ ಪ್ರವಾಸೋದ್ಯಮಕ್ಕೆಂದೇ ಬರೆದಂತಿರುವ ಈ ವಾಕ್ಯವನ್ನು ಮೊದಲು ಬಳಸಿಕೊಂಡವರು ಬೆಂಗಳೂರಿನ ಟ್ರೆಕ್ ಆಯೋಜಕರು. ಕೋಲಾರದ ಅಂತರಗಂಗೆಯ ಗುಹೆಗಳು ‘ಜ್ವಾಲಾಮುಖಿ ಶಿಲೆ’ಯಿಂದಾದವು ಎಂಬ ಮಾತು ಅವರ ಜಾಹೀರಾತುಗಳಲ್ಲಿ ಪದೇ ಪದೇ ಬರುತ್ತದೆ. ವೈಟ್‌ಫೀಲ್ಡಿನಿಂದ ಬೆಳಗಿನ ಜಾವ ಹೊರಟರೆ ತಿಂಡಿಯ ಹೊತ್ತಿಗೆ ಲಾವಾ ಗುಹೆ! ಐಸ್‌ಲ್ಯಾಂಡಿಗೆ ವೀಸಾ ಬೇಕು, ಕೋಲಾರಕ್ಕೆ ಫಾಸ್ಟ್ಯಾಗ್ ಸಾಕು.

ಇದನ್ನು ಖಂಡಿಸದೆ ಮುಂದೆ ಹೋಗುವಂತಿಲ್ಲ. ಲಾವಾ ಗುಹೆಯಾಗಲು ಬಸಾಲ್ಟಿನ ಲಾವಾ ತೆಳ್ಳಗೆ ಹರಿಯಬೇಕು. ಮೇಲ್ಭಾಗ ಗಾಳಿಗೆ ತಣಿದು ಚಿಪ್ಪುಗಟ್ಟಬೇಕು, ಒಳಗಿನದು ಬಿಸಿಯಾಗಿಯೇ ಹರಿದು ಬರಿದಾಗಬೇಕು. ಹವಾಯಿಯ ಕಜುಮುರ ಹೀಗೆ 65 ಕಿ.ಮೀ.ಗೂ ಹೆಚ್ಚು ಉದ್ದಕ್ಕೆ ಬರಿದಾಗಿದೆ. ಅಂತರಗಂಗೆಯಲ್ಲಿ ಹರಿದದ್ದು ಕಲ್ಲಿನ ಬಸವನ ಬಾಯಿಂದ ಬರುವ ನೀರು ಮಾತ್ರ. ಅಲ್ಲಿನ ಬಂಡೆ ಗ್ರಾನೈಟ್ ಜಾತಿಯದು, ಭೂಮಿಯ ಆಳದಲ್ಲಿ ನಿಧಾನವಾಗಿ ಗಟ್ಟಿಯಾದದ್ದು. ಬಿರುಕುಗುಂಟ ಬಿಸಿಲು ಮಳೆ ಕೆಲಸ ಮಾಡಿ, ದುಂಡುಗಲ್ಲುಗಳು ಒಂದರ ಮೇಲೊಂದು ಕೂತು, ನಡುವೆ ಉಳಿದ ಸಂದಿಗಳೇ ಗುಹೆಗಳು. ಹೊಟ್ಟೆ ಒಳಗೆಳೆದುಕೊಂಡು ನುಸುಳುವ ಸುಖಕ್ಕೆ ಇದರಿಂದ ಕುಂದೇನೂ ಇಲ್ಲ. ಆದರೆ ಕಲ್ಲು ಕಪ್ಪಗಿದೆ, ಆದ್ದರಿಂದ ಬೆಂಕಿಯಿಂದ ಬಂತು ಎಂಬುದು ಹೇತ್ವಾಭಾಸ. ಹಾಗಾದರೆ ದರ್ಶಿನಿಯ ದೋಸೆಕಲ್ಲೂ ಜ್ವಾಲಾಮುಖಿಯೇ.

ನಿಜವಾದ ಲಾವಾ ಕೋಲಾರ ಜಿಲ್ಲೆಯಲ್ಲೇ ಇದೆ ಎಂಬುದು ಈ ಪ್ರಕರಣದ ವಿಪರ್ಯಾಸ. ಕೆ.ಜಿ.ಎಫ್. ಪಟ್ಟಿಯ ಶಿಲೆ ಸುಮಾರು 270 ಕೋಟಿ ವರ್ಷಗಳ ಹಿಂದಿನ ಬಸಾಲ್ಟ್, ಒತ್ತಡ ಮತ್ತು ಶಾಖಕ್ಕೆ ಸಿಕ್ಕಿ ರೂಪಾಂತರಗೊಂಡದ್ದು. ಅದರೊಳಗೆ ಸುರಂಗವೂ ಇದೆ, 3 ಕಿ.ಮೀ.ಗೂ ಹೆಚ್ಚು ಆಳ. ಆದರೆ ಕೊರೆದದ್ದು ಲಾವಾ ಅಲ್ಲ, ಚಿನ್ನಕ್ಕಾಗಿ ಇಳಿದ ಕಾರ್ಮಿಕರು. ಗಣಿಗೆ 2001ರ ಫೆಬ್ರವರಿ 28ರಂದು ಬೀಗ ಬಿತ್ತು. ಚಿತ್ರದುರ್ಗದ ಮರಡಿಹಳ್ಳಿಯಲ್ಲಿ ನೀರಿನಡಿ ತಣಿದ ಲಾವಾ ದಿಂಬಿನಾಕಾರದಲ್ಲಿ ನಿಂತಿದೆ, ಮಲ್ಪೆಯಾಚೆಯ ಸೇಂಟ್ ಮೇರೀಸ್ ದ್ವೀಪದಲ್ಲಿ ಕಂಬಗಳಾಗಿ ನಿಂತಿದೆ. ಎರಡೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು. ದಿಂಬಿದೆ, ಕಂಬವಿದೆ, ಒಳಹೋಗಲು ಬಾಗಿಲಿಲ್ಲ.

ಉಪಮಾನದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ‘ಥೇಟ್ ಐಸ್‌ಲ್ಯಾಂಡ್ ಇದ್ದ ಹಾಗೇ ಮಗಾ, ಐಸ್ ಒಂದಿಲ್ಲ’ ಎಂದು ಆಂಧ್ರದ ಬೇಲಂ ಗುಹೆಯಿಂದ ಬಂದ ಸಂದೇಶವೇ ಸಾಕು.

ಶಬ್ದಪ್ರಮಾಣ ಎಂದರೆ ಆಪ್ತರ ಮಾತು, ಅರ್ಥಾತ್ ರಿವ್ಯೂ. ಮನುಷ್ಯರು ರಚಿಸದ ವಾಕ್ಯವನ್ನು ಮೀಮಾಂಸಕರು ಅಪೌರುಷೇಯವೆಂದರು, ದೋಷವಿರುವ ಕರ್ತೃವೇ ಇಲ್ಲವಾದ್ದರಿಂದ ಅದನ್ನು ಪ್ರಮಾಣವೆಂದರು. ವೇದಕ್ಕೆ ಮಾತ್ರ ಸಲ್ಲುತ್ತಿದ್ದ ಆ ಗೌರವ ಈಗ ಬಾಟ್‌ಗಳು ಬರೆದ ಫೈವ್ ಸ್ಟಾರ್‌ಗಳಿಗೂ ಸಲ್ಲುತ್ತಿದೆ. ಪೌರುಷೇಯ ರಿವ್ಯೂಗಳು ಅಷ್ಟು ಶುದ್ಧವಲ್ಲ, ಅವುಗಳಲ್ಲಿ ಪಾರ್ಕಿಂಗ್ ಮತ್ತು ಟಾಯ್ಲೆಟ್ಟಿನ ಪ್ರಸ್ತಾಪ ಇರುತ್ತದೆ. ಪ್ರಬಂಧಕಾರರ ಮತದಲ್ಲಿ ಓದಲು ಯೋಗ್ಯವಾದವು ಅವು ಮಾತ್ರ.

ಅರ್ಥಾಪತ್ತಿ ಹೀಗೆ: ದಪ್ಪ ದೇವದತ್ತ ಹಗಲು ಉಣ್ಣುವುದಿಲ್ಲ ಎಂದರೆ ರಾತ್ರಿ ಉಣ್ಣುತ್ತಾನೆಂದೇ ಅರ್ಥ. ಪ್ಯಾಕೇಜು ಅಗ್ಗ, ಆಯೋಜಕ ದಪ್ಪ. ಹೆಲ್ಮೆಟ್, ಹೆಡ್‌ಲ್ಯಾಂಪ್, ವಿಮೆ ಎಲ್ಲಿ ಎಂದು ಕೇಳತಕ್ಕದ್ದು.

ಉಳಿದದ್ದು ಅನುಪಲಬ್ಧಿ: ಇಲ್ಲದಿರುವಿಕೆಯನ್ನು ಕಂಡು ತಿಳಿಯುವುದು. ನೈಯಾಯಿಕರು ಇದನ್ನು ಪ್ರತ್ಯೇಕ ಪ್ರಮಾಣವೆಂದು ಒಪ್ಪಲಿಲ್ಲ. ಅವರಿಗೆ ಟೂರ್ ಬುಕ್ ಮಾಡುವ ಪ್ರಸಂಗ ಬಂದಿರಲಾರದು. ಗುಹೆಯ ವಿಷಯದಲ್ಲಿ ನಂಬತಕ್ಕದ್ದು ‘ಇಲ್ಲ’ ಎನ್ನಬಲ್ಲವನನ್ನೇ. ದಕ್ಷಿಣ ಕನ್ನಡದ ನೆಲ್ಲಿತೀರ್ಥದಲ್ಲಿ ಮಂಡಿಯೂರಿ ತೆವಳಿ ಹೋಗುವ ಗುಹೆಯಿದೆ, ಮಳೆಗಾಲದಲ್ಲಿ ಅದಕ್ಕೆ ಪ್ರವೇಶವಿಲ್ಲ, ಎಷ್ಟೇ ದೊಡ್ಡ ಪ್ಯಾಕೇಜಿನ ಇಂಜಿನಿಯರ್ ಬಂದರೂ. ಕನ್ನಡಿಗರು ಬಲ್ಲ ಅತಿ ಹಳೆಯ ಹಿಮಗುಹೆ ಅಮರನಾಥ, 3,888 ಮೀ. ಎತ್ತರದಲ್ಲಿ ತೊಟ್ಟಿಕ್ಕಿದ ನೀರೇ ಹೆಪ್ಪುಗಟ್ಟಿ ಲಿಂಗವಾಗುವ ಜಾಗ. ಬೇಸಿಗೆಯ ಕೆಲವೇ ವಾರ ಯಾತ್ರೆ; ವೈದ್ಯರ ಪ್ರಮಾಣಪತ್ರ ಇಲ್ಲದವರಿಗೆ, 13 ತುಂಬದವರಿಗೆ, 70 ದಾಟಿದವರಿಗೆ ನೋಂದಣಿಯೇ ಇಲ್ಲ. ಐಸ್‌ರೀಸೆನ್‌ವೆಲ್ಟ್ ಚಳಿಗಾಲವಿಡೀ ಮುಚ್ಚಿರುತ್ತದೆ. 2002ರಲ್ಲಿ ಸಾರ್ವಜನಿಕರಿಗೆ ತೆರೆದ ಬೇಲಂ 3,229 ಮೀ. ಉದ್ದವಿದ್ದರೂ ಬಿಡುವುದು ಹೆಚ್ಚೂಕಮ್ಮಿ ಅರ್ಧದಷ್ಟು.

ಈ ಜಾಗದಲ್ಲಿ ಪ್ರಬಂಧ ತನ್ನ ಅಣಕನ್ನು ಅರೆಗಳಿಗೆ ಬದಿಗಿಡುತ್ತದೆ. ಐಸ್‌ಲ್ಯಾಂಡಿನ ಹಿಮಗುಹೆಗಳಿಗೆ ಹದವಾದ ಕಾಲ ಚಳಿಗಾಲ; ಬೇಸಿಗೆಯಲ್ಲಿ ಹಿಮ ಸಡಿಲ. 2024ರ ಆಗಸ್ಟ್ 25ರಂದು ಬ್ರೆಯ್ಡಾಮೆರ್ಕುರ್‌ಯೊಕುಲ್ ಹಿಮನದಿಯಲ್ಲಿ ಗೈಡ್‌ಗಳ ಜತೆಗೇ ಹೋಗಿದ್ದ ತಂಡದ ಮೇಲೆ ಹಿಮ ಕುಸಿದು ಒಬ್ಬ ಪ್ರವಾಸಿ ಸತ್ತ, ಇನ್ನೊಬ್ಬರು ಗಾಯಗೊಂಡರು. ಗೈಡ್ ಇದ್ದಾನೆ ಎಂಬುದು ಉತ್ತರವಲ್ಲ. ಯಾವ ತಿಂಗಳಲ್ಲಿ ಅವನು ಹೋಗುವುದಿಲ್ಲ ಎಂಬುದೇ ಕೇಳಬೇಕಾದ್ದು.

ಸಿದ್ಧಾಂತ ಹೀಗೆ ಸ್ಥಿರಪಟ್ಟ ಮೇಲೆ ಅದನ್ನು ಪ್ರಯೋಗಕ್ಕೆ ಒಡ್ಡಲು ಸಭೆ ತೀರ್ಮಾನಿಸಿತು. ಟೀಮ್ ಲೀಡ್ ಒಬ್ಬರು ಫುಡ್ ಕೋರ್ಟಿನಿಂದಲೇ ಆಯೋಜಕನೊಬ್ಬನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು. ‘ನಿಮ್ಮ ಗುಹೆ ಯಾವಾಗ ಮುಚ್ಚಿರುತ್ತೆ?’

‘ಮುಚ್ಚೋದಾ? ಇಲ್ಲ ಸಾರ್. ಮಳೆ ಬರ್ಲಿ, ರಾತ್ರಿ ಆಗ್ಲಿ, ನಮ್ದು ಟ್ವೆಂಟಿಫೋರ್ ಸೆವೆನ್ ಓಪನ್ನು.’

ಸಿದ್ಧಾಂತಿಗಳು ಗೆಲುವಿನ ನಗೆ ಬೀರಿ ಕರೆ ಕಟ್ ಮಾಡಿದರು. ಅಷ್ಟರಲ್ಲಿ ಪೂರ್ವಪಕ್ಷದ ಇಬ್ಬರು ಯುಪಿಐನಲ್ಲಿ ಎಲ್ಲರ ಪರವಾಗಿ ಅಡ್ವಾನ್ಸ್ ಕಳಿಸಿಯಾಗಿತ್ತು.